ಗೇಮ್ ಓವರ್ ಇಲ್ಲದ ಕಾರ್ಟೂನುಗಳು

1982ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಬಿಸಿ ವಾಹಿನಿ ಶನಿವಾರ ಬೆಳಗಿನ ಮಕ್ಕಳ ವೇಳೆಯಲ್ಲಿ ‘ಪ್ಯಾಕ್‌-ಮ್ಯಾನ್’ ಎಂಬ ಕಾರ್ಟೂನು ಶುರುಮಾಡಿತು. ವಿಡಿಯೋ ಗೇಮೊಂದು ಟಿವಿ ಸರಣಿಯಾದದ್ದು ಅದೇ ಮೊದಲು. ತಯಾರಿಸಿದ್ದು ಹ್ಯಾನಾ-ಬಾರ್ಬೆರಾ ಸ್ಟುಡಿಯೋ. ಅವರ ಕೈಗೆ ಸಿಕ್ಕ ಸಾಮಗ್ರಿಯಾದರೂ ಎಷ್ಟಿತ್ತು? ತೋರು ಇವಾತಾನಿ ಜಪಾನಿನ ನ್ಯಾಮ್ಕೊ ಕಂಪನಿಗಾಗಿ ರೂಪಿಸಿದ, 1980ರಲ್ಲಿ ಹೊರಬಂದ ಆ ಆಟದಲ್ಲಿ ಒಂದು ಹಳದಿ ದುಂಡು, ಅದಕ್ಕೊಂದು ಬಾಯಿ, ಸುತ್ತ ನೀಲಿ ಗೆರೆಗಳ ಚಕ್ರವ್ಯೂಹ, ಬೆನ್ನಟ್ಟಲು ನಾಲ್ಕು ಭೂತಗಳು. ಸ್ಟುಡಿಯೋದವರು ಆ ದುಂಡಿಗೆ ಕೈಕಾಲು, ಟೊಪ್ಪಿ ಕೊಟ್ಟರು. ಹೆಂಡತಿ, ಮಗು, ನಾಯಿ, ಬೆಕ್ಕು ಸೇರಿಸಿ ಸಂಸಾರ ಹೂಡಿಸಿದರು. ಮೆಜ್ಮರಾನ್ ಎಂಬ ವಿಲನ್ನನ್ನು ಹುಟ್ಟಿಸಿ, ಭೂತಗಳನ್ನು ಅವನ ಪೆದ್ದು ಆಳುಗಳನ್ನಾಗಿ ಮಾಡಿದರು.

ಆಟದಲ್ಲಿ ಪಾತ್ರ ಅನ್ನುವಂಥದ್ದು ನಿಜಕ್ಕೂ ಇದ್ದದ್ದು ಆ ಭೂತಗಳಲ್ಲೇ. ಕೆಂಪು ಭೂತ ನೇರವಾಗಿ ಅಟ್ಟಿಸಿಕೊಂಡು ಬರುತ್ತದೆ. ಗುಲಾಬಿ ಬಣ್ಣದ್ದು ನಾವು ಹೋಗುತ್ತಿರುವ ದಿಕ್ಕಿನಲ್ಲಿ ನಾಲ್ಕು ಹೆಜ್ಜೆ ಮುಂದಿನ ಜಾಗಕ್ಕೆ ಗುರಿಯಿಟ್ಟು ಅಡ್ಡಗಟ್ಟಲು ನೋಡುತ್ತದೆ. ಕಿತ್ತಳೆಯದು ದೂರದಲ್ಲಿದ್ದಾಗ ಹಿಂದೆ ಬಿದ್ದು, ಹತ್ತಿರ ಬಂದೊಡನೆ ತಿರುಗಿ ಓಡುತ್ತದೆ. ನೀಲಿಯದರ ನಡೆ ನಮ್ಮ ಜಾಗವನ್ನೂ ಕೆಂಪು ಭೂತ ಇರುವ ಜಾಗವನ್ನೂ ಅವಲಂಬಿಸಿರುವುದರಿಂದ ಅದರ ಮನಸ್ಸು ಸುಲಭಕ್ಕೆ ತಿಳಿಯುವುದಿಲ್ಲ. ಒಂದೇ ಒಂದು ಮಾತಿಲ್ಲದೆ, ಬರೀ ನಡೆಯಿಂದ ಬಿಡಿಸಿದ ನಾಲ್ಕು ಸ್ವಭಾವಗಳು ಇವು. ಕಾರ್ಟೂನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕಿತ್ತು? ಸರಣಿ ಇದನ್ನೇ ಕೈಬಿಟ್ಟಿತು. ಇಲ್ಲದ್ದನ್ನೆಲ್ಲ ತಂದು ಸೇರಿಸಿ ಇದ್ದದ್ದನ್ನು ಹೊರಗಿಡುವ ಈ ಅಭ್ಯಾಸ ಮುಂದಿನ ನಲವತ್ತು ವರ್ಷ ಈ ಪ್ರಕಾರದ ಜೊತೆಗೇ ಬಂತು.

ಆಟದ ನಾಯಕನ ವ್ಯಕ್ತಿತ್ವ ಬಹುಪಾಲು ಖಾಲಿ ಇರುವುದು ಬರೆದವರ ಸೋಮಾರಿತನದಿಂದಲ್ಲ. ಕಂಟ್ರೋಲರ್ ಹಿಡಿದ ಮಗು ಒಳಗೆ ಹೊಕ್ಕು ಕೂರಲಿ ಎಂದೇ ಆ ಜಾಗ ಬಿಟ್ಟಿರುತ್ತಾರೆ. ಹಳ್ಳಕ್ಕೆ ಬಿದ್ದಾಗ ಮಗು ‘ಮಾರಿಯೋ ಸತ್ತ’ ಅನ್ನುವುದಿಲ್ಲ, ‘ನಾನು ಸತ್ತೆ’ ಅನ್ನುತ್ತದೆ. ಮತ್ತೆ ಬಟನ್ ಒತ್ತುತ್ತದೆ, ಅದೇ ಹಳ್ಳದ ಮುಂದೆ ನಿಲ್ಲುತ್ತದೆ. ಆಟದ ಕತೆ ಅಂತ ಏನಾದರೂ ಇದ್ದರೆ ಅದು ಈ ಸೋತು ಮರಳುವುದೇ. ಟಿವಿಯಲ್ಲಿ ಹಾಗಲ್ಲ. ಇಪ್ಪತ್ತೆರಡು ನಿಮಿಷದಲ್ಲಿ ಗೆಲುವು ಖಚಿತ, ಮುಂದಿನ ವಾರ ಎಲ್ಲವೂ ಮೊದಲಿದ್ದ ಹಾಗೆ. ಸೋಲನ್ನು ಮಗುವಿನ ಕೈಯಿಂದ ಕಿತ್ತುಕೊಂಡಾದ ಮೇಲೆ ಅದರ ಜಾಗದಲ್ಲಿ ಏನಿಡುವುದು? ಆಟವನ್ನು ಮಕ್ಕಳ ಸರಣಿಯಾಗಿಸಲು ಹೊರಟವರು ಬಿಡಿಸಬೇಕಾದ ಒಗಟು ಇದೇ ಎಂದು ನಾನು ನಂಬಿದ್ದೇನೆ. ಬಹಳ ಜನಕ್ಕೆ ಇಂಥದೊಂದು ಒಗಟಿದೆ ಎಂಬುದೇ ಹೊಳೆಯಲಿಲ್ಲ.

ಹೊಳೆಯದಿರಲು ವ್ಯಾಪಾರದ ಕಾರಣಗಳೂ ಇದ್ದವು. 1984ರಲ್ಲಿ ಅಮೆರಿಕ ಸರ್ಕಾರದ ಸಂಪರ್ಕ ಆಯೋಗ ಮಕ್ಕಳ ಕಾರ್ಯಕ್ರಮಗಳ ಜಾಹೀರಾತಿನ ಮೇಲಿದ್ದ ಮಿತಿಗಳನ್ನು ಸಡಿಲಿಸಿತು. ಆಟಿಕೆ ಕಂಪನಿಗಳ ಸರಕನ್ನೇ ನಾಯಕನಾಗಿಸಿದ ಕಾರ್ಟೂನುಗಳಿಗೆ ದಾರಿ ಸುಗಮವಾಯಿತು. 1990ರ ಮಕ್ಕಳ ದೂರದರ್ಶನ ಕಾಯ್ದೆ ಜಾಹೀರಾತಿನ ಸಮಯಕ್ಕೆ ಮತ್ತೆ ಮಿತಿ ಹಾಕುವ ಹೊತ್ತಿಗೆ ಆ ಅಚ್ಚು ಗಟ್ಟಿಯಾಗಿತ್ತು. ಡಿಕ್ ಕಂಪನಿಯ 1989ರ ‘ಸೂಪರ್ ಮಾರಿಯೋ ಬ್ರದರ್ಸ್ ಸೂಪರ್ ಶೋ’ ಆ ಕಾಲದ ಮಾದರಿ. ಅದರ ಶುಕ್ರವಾರದ ಜಾಗದಲ್ಲಿ ‘ಜೆಲ್ಡಾ’ದ ಹದಿಮೂರು ಕಂತುಗಳು ಬಂದವು. ಆಟದಲ್ಲಿ ಮಾತೇ ಆಡದೆ ಗುಹೆಗಳಲ್ಲಿ ಒಬ್ಬನೇ ಅಲೆಯುವ ಲಿಂಕ್, ಸರಣಿಯಲ್ಲಿ ರಾಜಕುಮಾರಿಯ ಹಿಂದೆ ಮುತ್ತಿಗಾಗಿ ಬೀಳುವ ವಾಚಾಳಿಯಾದ. ಆ ಆಟದ ಜೀವವೇ ಅದರ ಒಂಟಿತನವಾಗಿತ್ತು. ಈ ಕಂತುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

1993ರಲ್ಲಿ ಒಂದು ವಿಚಿತ್ರ ನಡೆಯಿತು. ಸೋನಿಕ್ ಎಂಬ ನೀಲಿ ಮುಳ್ಳುಹಂದಿಯ ಆಟದಿಂದ ಅದೇ ಡಿಕ್ ಕಂಪನಿ ಒಂದೇ ವರ್ಷ ಎರಡು ಸರಣಿ ತಂದಿತು. ಎರಡರಲ್ಲೂ ಸೋನಿಕ್‌ಗೆ ದನಿ ಕೊಟ್ಟವರು ಜಲೀಲ್ ವೈಟ್. ವಾರದ ದಿನಗಳ ಸರಣಿ ಬಿದ್ದೂ ಬಿದ್ದೂ ನಗಿಸುವ ಗಲಾಟೆ. ಎಬಿಸಿಯ ಶನಿವಾರದ ಸರಣಿ ಕತ್ತಲು ತುಂಬಿದ್ದು. ಈ ಎರಡನೆಯದನ್ನು ಬರೆದವರು ಆಟದ ಒಂದು ಸಣ್ಣ ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡರು. ಆಟದಲ್ಲಿ ಸೋನಿಕ್ ಒಂದು ಯಂತ್ರವನ್ನು ಒಡೆದರೆ ಅದರೊಳಗಿಂದ ಪುಟ್ಟ ಪ್ರಾಣಿಯೊಂದು ಹಾರಿ ಓಡುತ್ತದೆ. ಆಡುವವರು ಅದನ್ನು ನೋಡಿಯೂ ನೋಡದಂತೆ ಮುಂದೆ ಸಾಗುತ್ತಾರೆ. ಸರಣಿ ಅಲ್ಲಿ ನಿಂತು ಕೇಳಿತು: ಆ ಪ್ರಾಣಿಯನ್ನು ಯಂತ್ರದೊಳಗೆ ಹಾಕಿದವರು ಯಾರು, ಹಾಕಿದಾಗ ಅದಕ್ಕೆ ಏನಾಯಿತು? ಉತ್ತರವಾಗಿ ಬಂದದ್ದು ಜೀವಿಗಳನ್ನು ಬುದ್ಧಿಯಿಲ್ಲದ ಯಂತ್ರಗಳನ್ನಾಗಿಸುವ ರೊಬಾಟ್ನಿಕ್‌ನ ನಗರ, ಯಂತ್ರವಾಗಿಹೋದ ಸೋನಿಕ್‌ನ ಚಿಕ್ಕಪ್ಪ, ಅರ್ಧ ಮೈ ಲೋಹವಾಗುವಷ್ಟರಲ್ಲಿ ಬಿಡಿಸಿಕೊಂಡು ಬಂದ ಬನಿ ಎಂಬ ಮೊಲದ ಹುಡುಗಿ. ಬನಿಯ ಆ ಕಬ್ಬಿಣದ ಕೈಕಾಲು ಯಾವ ಕಂತಿನ ಕೊನೆಗೂ ಕಳಚಿಬೀಳುವುದಿಲ್ಲ. ಮಕ್ಕಳ ಕಾರ್ಟೂನಿನಲ್ಲಿ ಅದು ಸಣ್ಣ ಧೈರ್ಯವಲ್ಲ. ಇಪ್ಪತ್ತಾರು ಕಂತಿಗೆ ಸರಣಿ ನಿಂತಿತು. ಕಟ್ಟಕಡೆಯ ದೃಶ್ಯದಲ್ಲಿ ಕತ್ತಲೊಳಗೆ ಎರಡು ಕೆಂಪು ಕಣ್ಣು ತೆರೆದದ್ದು ಹಾಗೇ ಉಳಿಯಿತು.

ಪೋಕೆಮಾನ್ ವಿಷಯ ಬೇರೆ. ಅದನ್ನು ಅಮೆರಿಕದ ಈ ಪರಂಪರೆಯೊಳಗೆ ತೂರಿಸಲಾಗದು, ಹಾಗಂತ ಬಿಡಲೂ ಆಗದು. 1996ರ ಗೇಮ್‌ ಬಾಯ್ ಆಟ ಮರುವರ್ಷದ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಸರಣಿಯಾಯಿತು. ಕರ್ನಾಟಕದ ಊರುಗಳಲ್ಲಿ ಪೋಕೆಮಾನ್ ನೋಡಿ ಬೆಳೆದವರಲ್ಲಿ ಬಹುತೇಕರು ಅದನ್ನು ಹಿಂದಿ ಮಾತಿನಲ್ಲಿ ನೋಡಿದವರು, ಗೇಮ್‌ ಬಾಯನ್ನು ಕೈಯಲ್ಲಿ ಹಿಡಿದವರಲ್ಲ. ನಮ್ಮ ಮನೆಗಳಿಗೆ ಬಂದ ಅಗ್ಗದ ವಿಡಿಯೋ ಗೇಮ್ ಪೆಟ್ಟಿಗೆಗಳ ಕ್ಯಾಸೆಟ್ಟಿನಲ್ಲಿ ಮಾರಿಯೋ ಇದ್ದ, ಕಾಂಟ್ರಾ ಇತ್ತು, ಪೋಕೆಮಾನ್ ಇರಲಿಲ್ಲ. ಇದರ ಮೂಲ ಒಂದು ಆಟ ಎಂಬುದೇ ಗೊತ್ತಿಲ್ಲದೆ ಆ ಮಕ್ಕಳು ಅದಕ್ಕೆ ಮನಸೋತರು. ರೂಪಾಂತರವೊಂದು ತನ್ನ ಕಾಲ ಮೇಲೆ ನಿಂತಿದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅದು ನಿಂತದ್ದು ಸೋಲಿನ ಮೇಲೆ. ಆಟದಲ್ಲಿ ಬೇರೆಯವರಿಂದ ಬದಲಾಯಿಸಿಕೊಂಡ ಬಲವಾದ ಪೋಕೆಮಾನ್, ಸಾಕಷ್ಟು ಬ್ಯಾಡ್ಜ್ ಇಲ್ಲದ ಒಡೆಯನ ಮಾತು ಕೇಳುವುದಿಲ್ಲ. ಅದು ಬರೀ ಒಂದು ನಿಯಮ. ಸರಣಿ ಅದನ್ನು ಸಂಬಂಧವನ್ನಾಗಿ ಮಾಡಿತು. ಸರಣಿಯ ನಾಯಕ ಆಶ್ ಮಳೆಯಲ್ಲಿ ಕಾಪಾಡಿ ತಂದ ಪುಟ್ಟ ಚಾರ್ಮ್ಯಾಂಡರ್ ಬೆಳೆದು ಚಾರಿಜಾರ್ಡ್ ಆದಮೇಲೆ ಅವನನ್ನು ಲೆಕ್ಕಕ್ಕೇ ಇಡುವುದಿಲ್ಲ. ಮೊದಲ ಲೀಗಿನ ನಿರ್ಣಾಯಕ ಪಂದ್ಯದಲ್ಲಿ ಅದು ಕಣದ ನಡುವೆ ಮಲಗಿಬಿಡುತ್ತದೆ. ಆಶ್ ಸೋಲುತ್ತಾನೆ, ಅದೂ ಗೆಳೆಯನ ಎದುರು, ಸಾವಿರಾರು ಜನರ ಮುಂದೆ. ನಾಯಕ ಗೆದ್ದೇ ಗೆಲ್ಲುತ್ತಾನೆಂದು ಕೂತ ಮಗುವಿಗೆ ಆ ಕಂತು ಕೊಟ್ಟ ಪೆಟ್ಟು, ಆಟದಲ್ಲಿ ಕೊನೆಯ ಲೈಫ್ ಹೋದಾಗಿನ ಪೆಟ್ಟಿಗೆ ಸಮ. ಅವನು ವಿಶ್ವ ಚಾಂಪಿಯನ್ ಆದದ್ದು 2022ರಲ್ಲಿ, ಸರಣಿ ಶುರುವಾಗಿ ಇಪ್ಪತ್ತೈದು ವರ್ಷಗಳ ಮೇಲೆ.

ಇಷ್ಟಾಗಿಯೂ ಈ ಪರಂಪರೆಯ ಅತ್ಯುತ್ತಮ ಕೃತಿ ಯಾವುದೆಂದು ಕೇಳಿದರೆ ನಾನು ಪೋಕೆಮಾನ್ ಹೆಸರು ಹೇಳುವುದಿಲ್ಲ. 1995ರಲ್ಲಿ ಕಿಡ್ಸ್ ಡಬ್ಲ್ಯುಬಿ ವೇಳೆಯಲ್ಲಿ ಶುರುವಾಗಿ 23 ಕಂತಿಗೆ ಮುಗಿದುಹೋದ ‘ಅರ್ಥ್‌ವರ್ಮ್ ಜಿಮ್’ ಹೆಸರು ಹೇಳುತ್ತೇನೆ.

ಮೂಲ ಆಟ 1994ರದು. ಡೇವಿಡ್ ಪೆರಿ ಕಟ್ಟಿದ ಶೈನಿ ಎಂಬ ಸಣ್ಣ ತಂಡ, ಡಗ್ ಟೆನಾಪೆಲ್ ಬಿಡಿಸಿದ ಎರೆಹುಳು. ಆಕಾಶದಿಂದ ಬಿದ್ದ ಸೂಪರ್ ಸೂಟಿನೊಳಗೆ ಹೊಕ್ಕು ಹುಳುವೊಂದು ವೀರನಾಗುತ್ತದೆ. ಈ ತಂಡದ ಹಿನ್ನೆಲೆ ಗಮನಿಸಬೇಕು. ಪೆರಿ ಅದಕ್ಕೆ ಹಿಂದಿನ ವರ್ಷವಷ್ಟೇ ಡಿಸ್ನಿಯ ಚಿತ್ರಕಾರರು ಕೈಯಲ್ಲಿ ಬಿಡಿಸಿದ ಚಲನೆಗಳನ್ನು ಬಳಸಿ ‘ಅಲ್ಲಾದೀನ್’ ಆಟ ಮಾಡಿದ್ದವರು. ಹಾಗಾಗಿ ಜಿಮ್ ಆಟದಲ್ಲಿದ್ದಾಗಲೇ ಅರ್ಧ ಕಾರ್ಟೂನಾಗಿದ್ದ. ನೀವು ಬಟನ್ ಮುಟ್ಟದೆ ಸುಮ್ಮನೆ ಬಿಟ್ಟರೆ ಅವನು ಸುಮ್ಮನೆ ನಿಲ್ಲುವುದಿಲ್ಲ. ಸೂಟು ತನ್ನೊಳಗಿನ ಹುಳುವನ್ನೇ ಹೊರಗೆಳೆದು ಹಗ್ಗದಾಟ ಆಡತೊಡಗುತ್ತದೆ. ಆಡುವವನು ಕೈ ಬಿಟ್ಟ ಗಳಿಗೆಯಲ್ಲಿ ನಾಯಕನಿಗೆ ತನ್ನದೇ ಬದುಕೊಂದು ಶುರುವಾಗುತ್ತದೆ. ಡಗ್ ಲ್ಯಾಂಗ್ಡೇಲ್ ಸರಣಿಯಾಗಿ ಬೆಳೆಸಿದ್ದು ಈ ಬಿಡುವಿನ ಜಿಮ್‌ನನ್ನು. ಗುಂಡು ಹಾರಿಸುವ ಜಿಮ್ ಅಲ್ಲಿ ಎರಡನೆಯವನು. ಹೋಮರ್ ಸಿಂಪ್ಸನ್‌ನ ದನಿಯಾಗಿ ಹೆಸರಾದ ಡ್ಯಾನ್ ಕ್ಯಾಸ್ಟೆಲನೆಟಾ ಅವನಿಗೆ ಕೊಟ್ಟ ದನಿ, ಒಳಗೆ ಏನೂ ಇಲ್ಲವೆಂದು ತನಗೇ ಗೊತ್ತಿರುವ, ಆದರೂ ಎದೆ ಸೆಟೆಸಿ ಘೋಷಣೆ ಕೂಗುವ ವೀರನದು.

ಆಟದ ಮೊದಲ ಹಂತದಲ್ಲಿ, ಗುಜರಿ ರಾಶಿಯ ನಡುವೆ, ಜಿಮ್ ಹಲಗೆಯ ಒಂದು ತುದಿಗೆ ಹಳೆ ಫ್ರಿಜ್ ಬೀಳಿಸುತ್ತಾನೆ. ಇನ್ನೊಂದು ತುದಿಯಲ್ಲಿದ್ದ ಹಸು ಆಕಾಶಕ್ಕೆ ಚಿಮ್ಮುತ್ತದೆ. ಯಾಕೆಂದು ಯಾರೂ ಹೇಳುವುದಿಲ್ಲ. ಎಲ್ಲ ಹಂತ ಗೆದ್ದು, ದುಷ್ಟ ರಾಣಿಯನ್ನು ಸೋಲಿಸಿ, ಬಿಡಿಸಿದ ರಾಜಕುಮಾರಿಯ ಬಳಿಗೆ ಜಿಮ್ ಓಡುವಾಗ ಆ ಹಸು ಮೇಲಿಂದ ಬಂದು ಅವಳ ಮೇಲೆಯೇ ಬೀಳುತ್ತದೆ. ಗಂಟೆಗಟ್ಟಲೆ ಸತ್ತು ಹುಟ್ಟಿ ಅಲ್ಲಿಗೆ ತಲುಪಿದ ಮಗುವಿಗೆ ಸಿಗುವ ಬಹುಮಾನ ಅದು. ಸರಣಿಯವರು ಈ ಹಸುವನ್ನು ಕಂತು ಮುಗಿಸುವ ಪದ್ಧತಿಯನ್ನಾಗಿ ಮಾಡಿಕೊಂಡರು. ಲೋಕ ಉಳಿದಿದೆ, ವಿಲನ್ ಸೋತಿದ್ದಾನೆ, ಇನ್ನೇನು ನೀತಿಮಾತು ಬರಬೇಕು ಅನ್ನುವಾಗ ಯಾರದೋ ತಲೆ ಮೇಲೆ ಹಸು ಬೀಳುತ್ತದೆ. ಆ ಕಾಲದ ಮಕ್ಕಳ ಕಾರ್ಟೂನುಗಳಲ್ಲಿ ಕೊನೆಯ ನಿಮಿಷ ಉಪದೇಶಕ್ಕೆ ಮೀಸಲು ಎಂಬಂತಿತ್ತು. ಆ ಜಾಗದಲ್ಲಿ ಹಸು ಕೂತಿತು. ಗೆಲುವು ಪೂರ್ತಿಯಲ್ಲ, ಯಾವ ಗಳಿಗೆಯಲ್ಲೂ ಕಾರಣವಿಲ್ಲದೆ ಏನೋ ಬಂದು ಬೀಳಬಹುದು ಎಂಬ ಆಟದ ತಿಳಿವಳಿಕೆ ಒಂದು ಪದವೂ ಇಲ್ಲದೆ ಟಿವಿಗೆ ದಾಟಿತು.

ಪೀಟರ್ ಪಪ್ಪಿಯದೂ ಅಂಥದೇ ದಾಟುವಿಕೆ. ಆಟದಲ್ಲಿ ಒಂದು ಹಂತ ಪೂರ್ತಿ ಈ ನಾಯಿಮರಿಯನ್ನು ಹಳ್ಳಕೊಳ್ಳಗಳಿಗೆ ಬೀಳದಂತೆ ಕಾಯುತ್ತ ಕರೆದೊಯ್ಯಬೇಕು. ಅದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ, ನಿಲ್ಲಿಸಲಾಗದು. ಒಮ್ಮೆ ಎಡವಿ ಬಿತ್ತೋ, ರಾಕ್ಷಸನಾಗಿ ಮಾರ್ಪಟ್ಟು ಜಿಮ್ ಮೇಲೇ ಎರಗುತ್ತದೆ. ನನ್ನ ಅಜಾಗರೂಕತೆಯಿಂದ ಗೆಳೆಯನಿಗೆ ನೋವಾದರೆ ಆ ನೋವು ನನಗೇ ತಿರುಗುತ್ತದೆ ಎಂಬುದು ಮಗುವಿನ ಬೆರಳುಗಳಿಗೆ ಗೊತ್ತಾಗುವ ಹಂತ ಅದು. ಸರಣಿಯಲ್ಲಿ ಪೀಟರ್ ಜಿಮ್‌ನ ಸಂಗಾತಿ, ಹೆದರಿಕೆಯ ಜೀವ. ನೊಂದಾಗ, ಬೆದರಿದಾಗ ಈಗಲೂ ರಾಕ್ಷಸನಾಗುತ್ತಾನೆ. ಹಾಗಿದ್ದೂ ಜಿಮ್ ಅವನನ್ನು ಎಲ್ಲಿಗೂ ಬಿಟ್ಟು ಹೋಗುವುದಿಲ್ಲ. ಸ್ನೇಹದ ಬಗ್ಗೆ ಭಾಷಣ ಮಾಡಿದ ಎಷ್ಟೋ ಸರಣಿಗಳಿಗಿಂತ ಇದು ಮಗುವಿಗೆ ಹತ್ತಿರದ್ದು.

ಕೊರತೆ ಇಲ್ಲವೆಂದಲ್ಲ. ಕಾರ್ಟೂನು ತನ್ನನ್ನೇ ಅಣಕಿಸಿಕೊಳ್ಳುವ ಜೋಕುಗಳು ಕೆಲವು ಕಂತುಗಳಲ್ಲಿ ಮಿತಿಮೀರುತ್ತವೆ. ರಾಜಕುಮಾರಿಯನ್ನು ಬಂಡುಕೋರರ ನಾಯಕಿಯನ್ನಾಗಿ ಮಾಡಿದ್ದು ಸರಿಯಾದ ನಿರ್ಧಾರ. ಆದರೆ ಕತೆಗಳು ಅವಳ ಯುದ್ಧದತ್ತ ತಿರುಗುವುದು ಅಪರೂಪ, ಜಿಮ್‌ನ ಒಲವಿನ ಗುರಿಯಾಗಿಯೇ ಅವಳು ಹೆಚ್ಚು ಹೊತ್ತು ಉಳಿಯುತ್ತಾಳೆ.

ಸ್ಟೀವ್ ಪರ್ಸೆಲ್ ಅವರ ‘ಸ್ಯಾಮ್ ಅಂಡ್ ಮ್ಯಾಕ್ಸ್’ ಬಗ್ಗೆಯೂ ಎರಡು ಮಾತು. ನಾಯಿ ಮತ್ತು ಮೊಲದ ಈ ಪತ್ತೇದಾರ ಜೋಡಿ 1987ರ ಕಾಮಿಕ್ಸಿನಲ್ಲಿ ಹುಟ್ಟಿ, 1993ರಲ್ಲಿ ಲ್ಯೂಕಸ್‌ಆರ್ಟ್ಸ್ ಆಟವಾಗಿ ಅಭಿಮಾನಿಗಳನ್ನು ಸಂಪಾದಿಸಿ, 1997ರಲ್ಲಿ ಕೆನಡಾದ ನೆಲ್ವಾನಾ ಸ್ಟುಡಿಯೋ ಮೂಲಕ ಫಾಕ್ಸ್ ಕಿಡ್ಸ್‌ಗೆ ಬಂತು. ಬಂದೂಕು, ಬೈಗುಳ ತಗ್ಗಿದ್ದಕ್ಕೆ ಅಭಿಮಾನಿಗಳು ಬೇಸರಪಟ್ಟರು. ನನಗೆ ಅದು ದೊಡ್ಡ ನಷ್ಟವೆನಿಸುವುದಿಲ್ಲ. ಆ ಆಟದಲ್ಲಿ ಸಾವಿಲ್ಲ. ತಪ್ಪು ವಸ್ತುವನ್ನು ತಪ್ಪು ಜಾಗದಲ್ಲಿ ಪ್ರಯೋಗಿಸಿದರೆ ಸ್ಯಾಮ್ ಒಂದು ಮಾತು ಬಿಸಾಕುತ್ತಾನೆ, ಸೋತದ್ದಕ್ಕೇ ಒಂದು ನಗು ಸಿಗುತ್ತದೆ. ಹಾಗೆ ಗೊತ್ತುಗುರಿಯಿಲ್ಲದೆ ತಡಕಾಡುವ ಸುಖಕ್ಕೆ ಹನ್ನೊಂದು ನಿಮಿಷದ ಕತೆಗಳಲ್ಲಿ ಜಾಗವಿರಲಿಲ್ಲ. ಪರ್ಸೆಲ್ ಸ್ವತಃ ಜೊತೆಗಿದ್ದೂ ಅದು ಉಳಿಯಲಿಲ್ಲ.

ಇನ್ನು ಕಪ್‌ಹೆಡ್. ಕೆನಡಾದ ಚಾಡ್ ಮತ್ತು ಜ್ಯಾರೆಡ್ ಮೋಲ್ಡನ್‌ಹಾವರ್ ಸಹೋದರರು ಮನೆ ಒತ್ತೆಯಿಟ್ಟು ಮಾಡಿ ಮುಗಿಸಿದ 2017ರ ಆಟ. 1930ರ ದಶಕದ ಫ್ಲೈಷರ್ ಸ್ಟುಡಿಯೋ ಕಾರ್ಟೂನುಗಳ ರೀತಿಯಲ್ಲಿ ಪ್ರತಿ ಚಲನೆಯನ್ನೂ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ ಶಾಯಿ ತೀಡಿದರು, ಹಿನ್ನೆಲೆಗಳಿಗೆ ಜಲವರ್ಣ ಬಳಸಿದರು. ನೋಡಲು ಅಷ್ಟು ಮುದ್ದಾದ ಈ ಆಟ ಆಡಲು ಅಷ್ಟೇ ನಿರ್ದಯ. ಎದುರಾಳಿಗೆ ಇನ್ನೆಷ್ಟು ಜೀವ ಉಳಿದಿದೆ ಎಂದು ಕಾಳಗದ ನಡುವೆ ಎಲ್ಲೂ ತೋರಿಸುವುದಿಲ್ಲ. ಸತ್ತಮೇಲೆ ಒಂದು ಕಾರ್ಡು ಬರುತ್ತದೆ. ಮೇಲೆ ಎದುರಾಳಿಯ ಮುಖ ಮತ್ತು ಅವನ ಚುಚ್ಚುಮಾತು, ಕೆಳಗೊಂದು ಗೆರೆ, ಆ ಗೆರೆಯ ಮೇಲೆ ಓಡುತ್ತ ಹೋಗಿ ನಿಲ್ಲುವ ಪುಟ್ಟ ಕಪ್‌ಹೆಡ್. ಎಷ್ಟೋ ಸಲ ಅವನು ನಿಲ್ಲುವುದು ಗೆರೆ ಮುಗಿಯಲು ಕೂದಲೆಳೆಯಷ್ಟು ಬಾಕಿಯಿರುವಾಗ. ಆ ಕೂದಲೆಳೆಯೇ ಇನ್ನೊಮ್ಮೆ ಬಟನ್ ಒತ್ತಿಸುತ್ತದೆ.

2022ರಲ್ಲಿ ನೆಟ್‌ಫ್ಲಿಕ್ಸ್ ಒಂದೇ ವರ್ಷದಲ್ಲಿ ಮೂರು ಭಾಗವಾಗಿ ಬಿಟ್ಟ ‘ದಿ ಕಪ್‌ಹೆಡ್ ಶೋ’ದ 36 ಕಂತುಗಳನ್ನು ನೋಡುವಾಗ ಬಣ್ಣ, ಜಾಜ್ ಸಂಗೀತ, ಮುಖಗಳು ಎಲ್ಲವೂ ಕಣ್ಣು ತುಂಬುತ್ತವೆ. ಕಾರ್ಟೂನಿನಿಂದ ಹುಟ್ಟಿದ ಆಟ ಮತ್ತೆ ಕಾರ್ಟೂನಾಗಿ ಮನೆಗೆ ಮರಳುವ ಈ ಅವಕಾಶ ಹಿಂದೆ ಯಾರಿಗೂ ಈ ಬಗೆಯಲ್ಲಿ ಸಿಕ್ಕಿರಲಿಲ್ಲ. ಪ್ಯಾಕ್‌-ಮ್ಯಾನ್ ಮಾಡಿದವರಿಗೆ ಸಾಮಗ್ರಿಯ ಬಡತನವಿತ್ತು, ಇವರಿಗೆ ಸಿರಿವಂತಿಕೆ. ಆದರೂ ಇದು ನನಗೆ ಈ ಪರಂಪರೆಯ ಅತ್ಯಂತ ನೋವಿನ ಸೋಲಾಗಿ ಕಾಣುತ್ತದೆ. ಆಟದ ಕತೆ ಒಂದು ಸಾಲದ ಕತೆ. ಸೈತಾನನ ಜೂಜುಕಟ್ಟೆಯಲ್ಲಿ ಕಪ್‌ಹೆಡ್ ಒಂದೇ ದಾಳಕ್ಕೆ ತನ್ನ ಮತ್ತು ಸಹೋದರನ ಆತ್ಮಗಳನ್ನು ಸೋಲುತ್ತಾನೆ. ಅದನ್ನು ಉಳಿಸಿಕೊಳ್ಳಲು ಇಬ್ಬರೂ ಸೈತಾನನಿಗೆ ಸಾಲಗಾರರಾಗಿ ತಲೆಮರೆಸಿಕೊಂಡ ಉಳಿದವರ ಕರಾರುಪತ್ರಗಳನ್ನು ವಸೂಲಿ ಮಾಡಿ ತರಬೇಕು. ಅಂದರೆ ನಾವು ಹೊಡೆದು ಉರುಳಿಸುವ ಆ ತರಕಾರಿಗಳು, ಕಪ್ಪೆಗಳು, ಹೂವುಗಳೆಲ್ಲ ನಮ್ಮ ಹಾಗೆಯೇ ಒಮ್ಮೆ ಆಸೆಗೆ ಬಿದ್ದವರು. ಸರಣಿ ಜೂಜುಕಟ್ಟೆಯ ಬದಲು ಜಾತ್ರೆಯ ಆಟ ತಂದಿತು. ಮಕ್ಕಳ ಸರಣಿಗೆ ಆ ಬದಲಾವಣೆ ನಾನು ಒಪ್ಪುತ್ತೇನೆ. ಆದರೆ ಅದು ವಸೂಲಿಯ ಕತೆಯನ್ನೇ ಬಿಟ್ಟುಬಿಟ್ಟಿತು. ರಿಬ್ಬಿ ಮತ್ತು ಕ್ರೋಕ್ಸ್ ಎಂಬ ಕಪ್ಪೆ ಸಹೋದರರು ಸರಣಿಯಲ್ಲಿ ಬರುತ್ತಾರೆ, ಆದರೆ ಕಳೆದುಕೊಳ್ಳಲು ಅವರ ಬಳಿ ಏನೂ ಇಲ್ಲ. ಸೈತಾನ ಅಲ್ಲಿ ಹತಾಶನಾಗಿ ಕುಣಿಯುವ ತಮಾಷೆಯ ಮನುಷ್ಯ. ಕಪ್‌ಹೆಡ್‌ನ ಆತ್ಮ ಅಪಾಯದಲ್ಲಿದೆ ಎಂಬುದನ್ನು ಎಷ್ಟೋ ಕಂತುಗಳು ಮರೆತೇಬಿಡುತ್ತವೆ.

ಆಟದಲ್ಲಿ ಕೊನೆಗೊಂದು ಗಳಿಗೆ ಇದೆ. ಎಲ್ಲ ಪತ್ರಗಳನ್ನು ಹೊತ್ತು ಇಬ್ಬರೂ ಸೈತಾನನ ಮುಂದೆ ನಿಂತಾಗ ಅವನು ಅವುಗಳನ್ನು ತನಗೊಪ್ಪಿಸಿ ತನ್ನ ಕಡೆ ಸೇರಲು ಕೇಳುತ್ತಾನೆ. ಉತ್ತರ ಕೊಡಬೇಕಾದ್ದು ಕಂಟ್ರೋಲರ್ ಹಿಡಿದ ಮಗು. ಹೌದೆಂದು ಒತ್ತಿದರೆ ಅಲ್ಲಿಗೇ ಮುಗಿಯಿತು, ಅಣ್ಣತಮ್ಮಂದಿರು ಅವನ ಗುಲಾಮರಾಗುತ್ತಾರೆ. ಇಲ್ಲವೆಂದು ಒತ್ತಿದರೆ ಅವನೊಂದಿಗೆ ಎಲ್ಲಕ್ಕಿಂತ ಕಠಿಣವಾದ ಕಾಳಗ ಕಾದಿದೆ, ಮತ್ತೆ ಮತ್ತೆ ಸಾಯಬೇಕು. 36 ಕಂತುಗಳ ಉದ್ದಕ್ಕೂ ಅಂಥದೊಂದು ಪ್ರಶ್ನೆಯ ಎದುರು ಆ ಹುಡುಗರನ್ನು ನಿಲ್ಲಿಸುವ ಜಾಗ ಬೇಕಾದಷ್ಟಿತ್ತು. ಸರಣಿಯನ್ನು ಬರೆದವರು ಅವರನ್ನು ಅಲ್ಲಿಯವರೆಗೆ ಕರೆದೊಯ್ಯಲೇ ಇಲ್ಲ.