ಆಯುಧವೇ ಚರಿತ್ರೆಯ ಅಳತೆಗೋಲೇ?

ನಮ್ಮ ಜಿಲ್ಲೆಯ ಮಲೆನಾಡಿನಲ್ಲಿ ನಡೆದ ಭೂಗತ ನಕ್ಸಲ್ ಚಳವಳಿಯನ್ನು ಅರಿಯಬಯಸುವವರು ಓದಬೇಕಾದ ಗ್ರಂಥ ‘ಮೇಕಿಂಗ್ ಹಿಸ್ಟರಿ’. ‘ಸಾಕಿ’ ಎಂಬ ಹೆಸರಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ರಚಿಸಿದವರು ಸಾಕೇತ್ ರಾಜನ್. ಮೊದಲ ಸಂಪುಟ 1998ರಲ್ಲಿಯೂ, 1800ರಿಂದ 1857ರವರೆಗಿನ ಕಾಲವನ್ನು ಕುರಿತ ಎರಡನೆಯದು 2004ರಲ್ಲಿಯೂ ಪ್ರಕಟವಾದವು. 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ಗ್ರಂಥಕರ್ತರು ಪೊಲೀಸರ ಗುಂಡಿಗೆ ಬಲಿಯಾದರು. ನಾಲ್ಕು ದಿನಗಳ ತರುವಾಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರನ್ನು ನಕ್ಸಲರು ಕೊಂದರು.

ಅರಸರ ವಂಶಾವಳಿಯನ್ನು ಬದಿಗಿರಿಸಿ ಭೂಮಿ, ಕಂದಾಯ, ದುಡಿಮೆಗಳ ಮೂಲಕ ನಾಡಿನ ಚರಿತ್ರೆಯನ್ನು ಕಂಡಿರುವುದು ಈ ಗ್ರಂಥದ ಹಿರಿಮೆ. ಶಿವನಿಯಲ್ಲಿ ವ್ಯಾಪಾರ ಮಾಡಿಕೊಂಡು ಬಂದ ನನಗೆ ಈ ಓದು ಮುಜುಗರವನ್ನೂ ತಂದಿತು. ನಮ್ಮ ಖಾತೆಯಲ್ಲಿ ಕೇವಲ ಬಾಕಿಯಾಗಿ ಕಾಣುವವನು ಇಲ್ಲಿ ಮನುಷ್ಯನಾಗಿ ಕಾಣುತ್ತಾನೆ.

ಆದರೆ ಎರಡನೆಯ ಸಂಪುಟವು ಸಶಸ್ತ್ರ ಹೋರಾಟವನ್ನು ಉಪಶೀರ್ಷಿಕೆಯಲ್ಲಿಯೇ ಇರಿಸಿಕೊಂಡಿದೆ. ಈ ಅಳತೆಗೋಲು ಸಮರ್ಪಕವೇ? ನಮ್ಮ ನೆರೆಯ ತರೀಕೆರೆಯ ಪಾಳೆಯಗಾರರೂ ಸೇರಿಕೊಂಡ 1830-31ರ ನಗರ ದಂಗೆಯನ್ನೇ ಪರಿಶೀಲಿಸೋಣ. ಅಲ್ಲಿ ರೈತರ ಮೊದಲ ಬಲವು ಕೂಟ ಸೇರಿ ಕಂದಾಯ ನಿರಾಕರಿಸಿದ್ದರಲ್ಲಿತ್ತು. ಕದನವು ಹಬ್ಬಿದ ಬಳಿಕ ಆದುದೇನು? ಶಾಂತಿಭಂಗವೇ ನೆಪವಾಗಿ 1831ರಲ್ಲಿ ಮೈಸೂರಿನ ಆಡಳಿತ ಕಂಪನಿಯ ವಶವಾಯಿತು. ಅರಸುಮನೆತನಕ್ಕೆ ಅದು ಮರಳಿದ್ದು 1881ರಲ್ಲಿ. ಆಯುಧದ ಫಲವನ್ನು ಉಂಡವನು ರೈತನಲ್ಲ.

ನಮ್ಮ ಆಚಾರಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದೆ. ಆತ್ಮರಕ್ಷಣೆಯ ವಿರೋಧೀ ಹಿಂಸೆ ಶ್ರಾವಕನಿಗೆ ಅನಿವಾರ್ಯವಾಗಬಹುದು. ಸಂಕಲ್ಪೀ ಹಿಂಸೆಗೆ ಮಾತ್ರ ಕ್ಷಮೆಯಿಲ್ಲ. ಭೂಗತರು ತಮ್ಮದು ಮೊದಲನೆಯ ಬಗೆಯೆಂದು ವಾದಿಸಿಯಾರು. ಆದರೆ ಯೋಜನೆ ಹೂಡಿ, ಬೀಡಿನಲ್ಲಿದ್ದವರ ಮೇಲೆರಗುವುದು ಸಂಕಲ್ಪವಲ್ಲದೆ ಮತ್ತೇನು? ಸೆರೆಹಿಡಿಯಬಹುದಾದವನನ್ನು ಕೊಲ್ಲುವ ಪ್ರಭುತ್ವಕ್ಕೂ ಇದೇ ಮಾತು ಸಲ್ಲುತ್ತದೆ. ಇನ್ನು ತೂಕದಲ್ಲಿ, ಬಡ್ಡಿಯಲ್ಲಿ ಬಡವನನ್ನು ಹಿಂಡಿ ಅದನ್ನು ‘ಉದ್ಯೋಗೀ’ ಎಂದು ಸಮಾಧಾನಪಟ್ಟುಕೊಳ್ಳುವ ವರ್ತಕರಾದ ನಾವೂ ಈ ವಿಚಾರಣೆಯಿಂದ ಹೊರಗಿಲ್ಲ.

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಬಂದೂಕು ಕೆಳಗಿಳಿಯಿತು; ಕುದುರೆಮುಖ ರಾಷ್ಟ್ರೀಯ ಉದ್ಯಾನದಂಚಿನ ಗಿರಿಜನರನ್ನು ಕಾಡಿದ ಒಕ್ಕಲೆಬ್ಬಿಸುವಿಕೆಯ ಭಯ, ಭೂಮಿಯ ಪ್ರಶ್ನೆಗಳು ಅದರಿಂದಲೇ ಬಗೆಹರಿಯುವಂಥವಲ್ಲ. ಆದ್ದರಿಂದ ಈ ಗ್ರಂಥದ ಉತ್ತರವನ್ನು ನಾವು ನಿರಾಕರಿಸಬಹುದು, ಪ್ರಶ್ನೆಯನ್ನಲ್ಲ. ನಮ್ಮ ಬಸದಿಗಳ ವಾಚನಾಲಯಗಳಲ್ಲಿ ಇದಕ್ಕೆ ಸ್ಥಳವಿರಲಿ. ಅಹಿಂಸೆಯನ್ನು ನಂಬುವವನು ಹಿಂಸೆ ಹುಟ್ಟುವ ನೆಲವನ್ನು ಅರಿತಿರಬೇಕು.