ಕೈಪಂಪಿನ ಹಾಡು, ನಲ್ಲಿಯ ಹಾಡು

ನಾನು ಓದಿರೋದು ಏಳನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಅಪ್ಪನ ಭಜನೆ ಪುಸ್ತಕ ನೋಡಿ. ಹಗಲು ಹೊಲ, ರಾತ್ರಿ ಹಾಡು, ಇಷ್ಟೇ ನನ್ನ ಬದುಕು. ನಮ್ಮ ವಾಚನಾಲಯದವರು "ಹಾಡಿನ ಮೇಲೆ ಒಂದು ವಿಮರ್ಶೆ ಬರ್ಕೊಡಿ" ಅಂದಾಗ ಅವರ ಮನಸ್ಸಲ್ಲಿ ದೇವರ ಪದ, ಸೋಬಾನೆ ಪದ ಇತ್ತೇನೋ. ನಾನು ಬೇರೆ ಎರಡು ಹಾಡು ಆರಿಸ್ಕೊಂಡಿದ್ದೀನಿ. ಎರಡೂ ನೀರಿನ ಯೋಜನೆಗೆ ಅಂತ ಬರೆಸಿದ ಹಾಡು. ಎರಡನ್ನೂ ಕೂಲಿ ತಗೊಂಡು ಊರೂರಲ್ಲಿ ಹಾಡಿದವನು ನಾನೇ. ಆದ್ದರಿಂದ ಇಲ್ಲಿ ಬೈಗುಳ ಬಿದ್ದರೆ ಮೊದಲು ನನ್ನ ತಲೆ ಮೇಲೇ ಬೀಳಲಿ.

ಮೊದಲನೇದು ಕೈಪಂಪಿನ ಹಾಡು. ನನಗಾಗ ಮೀಸೆ ಬಂದು ಹೆಚ್ಚು ದಿನ ಆಗಿರಲಿಲ್ಲ. ವಿಶ್ವಸಂಸ್ಥೆ 1981ರಿಂದ 1990ರವರೆಗೆ ಕುಡಿಯುವ ನೀರಿನ ದಶಕ ಅಂತ ಸಾರಿದ್ದ ಕಾಲ. ಅದಕ್ಕೂ ಮುಂಚೆ, 1967ರ ಬರಗಾಲದ ಹೊತ್ತಿನಲ್ಲಿ, ಯೂನಿಸೆಫ್‌ನವರು ಬಂಡೆ ಕೊರೆಯುವ ಯಂತ್ರಗಳನ್ನು ನಮ್ಮ ದೇಶಕ್ಕೆ ತರಿಸಿದ್ದರು. ಆಮೇಲೆ ಅವರ ನೆರವಿನಲ್ಲೇ ಇಂಡಿಯಾ ಮಾರ್ಕ್ 2 ಅನ್ನೋ ಕೈಪಂಪು ತಯಾರಾಯ್ತು. ಈಗಲೂ ಎಷ್ಟೋ ಊರ ಬಾಗಿಲಲ್ಲಿ ಉದ್ದ ಹಿಡಿಯ ಆ ಪಂಪು ನಿಂತಿರೋದನ್ನ ನೀವೂ ನೋಡಿರ್ತೀರಿ.

ಆ ಹಾಡಿನ ಮಟ್ಟು ಚೆನ್ನಾಗಿತ್ತು. ಕೋಲಾಟದ ಹೆಜ್ಜೆಗೆ ಕೂರುತ್ತಿತ್ತು. ತಮಿಳಿನಲ್ಲಿ ಬರೆದುಕೊಟ್ಟದ್ದನ್ನ ನಮ್ಮ ಕನ್ನಡದ ಬೀದಿಗಳಲ್ಲಿ ನಾನೇ ಕನ್ನಡ ಮಾಡಿ ಹಾಡ್ತಿದ್ದೆ. ಅರ್ಥ ಇಷ್ಟೇ: ಬಾವಿಯ ನೀರು ಬಿಡಿ, ಭೂಮಿ ಆಳದ ನೀರು ಕುಡೀರಿ, ರೋಗ ಓಡಿಹೋಗುತ್ತೆ. ಇದು ಸುಳ್ಳಲ್ಲ. ಮೆಟ್ಟಿಲು ಬಾವಿಯಲ್ಲಿ ಕಾಲಿಟ್ಟು ನೀರು ತುಂಬಿ ನಾರುಹುಣ್ಣು ಬರ್ತಿದ್ದ ಕಾಲ ಅದು. ವಾಂತಿಭೇದಿ ಬಂದರೆ ಮನೆಮನೆಯಲ್ಲಿ ಅಳು. ಭಾರತಕ್ಕೆ ನಾರುಹುಣ್ಣು ಇಲ್ಲದ ದೇಶ ಅಂತ 2000ದಲ್ಲಿ ಸರ್ಟಿಫಿಕೇಟು ಸಿಕ್ಕಿತು. ಅದರಲ್ಲಿ ಕೈಪಂಪಿನ ಪಾಲೂ ಇದೆ. ಈ ಉಪಕಾರ ಮರೆತು ಮಾತಾಡಿದರೆ ನನ್ನ ನಾಲಿಗೆಗೇ ಮರ್ಯಾದೆ ಅಲ್ಲ.

ಆದರೆ ಹಾಡು ಹೇಳಿದ್ದು ಅರ್ಧ. ನಮ್ಮದು ಕರೀಕಲ್ಲು ಬಂಡೆಯ ಸೀಮೆ. ನೀರು ಆಳದ ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತರೆ ಕಲ್ಲಿನೊಳಗಿನ ಫ್ಲೋರೈಡು ನೀರಿಗೆ ಇಳಿಯುತ್ತೆ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೇದು. ಬೇರೆ ನೀರೇ ಸಿಕ್ಕದ ಕಡೆ ಒಂದೂವರೆ ಮಿಲಿಗ್ರಾಂವರೆಗೆ ಪರವಾಗಿಲ್ಲ. ಅದು ಮೀರಿದ ನೀರನ್ನ ವರ್ಷಾನುಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿಗೆ ಕಂದು ಪಟ್ಟೆ, ಆಮೇಲೆ ದೊಡ್ಡವರ ಮೂಳೆಗೆ ಬಿಗಿತ. ಇದೇನು ಮೊನ್ನೆ ಗೊತ್ತಾದ ಸಂಗತಿಯಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗ ಇದೆ ಅಂತ 1937ರಲ್ಲೇ ವೈದ್ಯರು ಬರೆದಿದ್ದರು. ನಮ್ಮ ಸೇಲಂ ಜಿಲ್ಲೆಯೂ ಅದೇ ಪ್ರಾಂತ್ಯ. ಧರ್ಮಪುರಿ ಬೇರೆ ಜಿಲ್ಲೆ ಆಗಿದ್ದು 1965ರಲ್ಲಿ.

ಬಾಂಗ್ಲಾದೇಶದಲ್ಲೂ ಹೀಗೇ ಆಯ್ತು. ಕೆರೆಕುಂಟೆ ನೀರಿನಿಂದ ಮಕ್ಕಳು ಸಾಯ್ತಾರೆ ಅಂತ ವಿದೇಶದ ನೆರವಿನಲ್ಲಿ ಕೊಳವೆ ಬಾವಿ ತೋಡಿಸಿದರು. ಮಕ್ಕಳು ಉಳಿದರು. 1993ರಲ್ಲಿ ಅದೇ ನೀರಿನಲ್ಲಿ ಆರ್ಸೆನಿಕ್ ವಿಷ ಕಾಣಿಸಿತು. ಅಲ್ಲೂ ಯಾರೋ ನನ್ನಂಥವನು ಹಾಡಿರಬೇಕು.

ನಮ್ಮಕ್ಕ ನನ್ನ ಹಾಡು ಕೇಳಿಯೇ ಬಾವಿ ಬಿಟ್ಟವಳು. ಇಪ್ಪತ್ತೈದು ವರ್ಷ ಬೋರಿನ ನೀರು ಕುಡಿದಳು. ಈಗ ಕತ್ತು ತಿರುಗಲ್ಲ. ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಿ ನೋಡ್ತಾಳೆ. ಒಂದಿನ ಕಡ್ಲೆಕಾಯಿ ಸುಲೀತಾ ಕೂತಿದ್ದಾಗ ಕೇಳಿದಳು: "ಏನಪ್ಪಾ ತಮ್ಮಯ್ಯಾ, ಆವತ್ತು ಅಷ್ಟು ರಾಗವಾಗಿ ಹಾಡಿದ್ಯಲ್ಲ, ಆ ನೀರನ್ನ ಯಾರಾದ್ರೂ ನೋಡಿದ್ರಾ ಅಂತ ಒಂದ್ಮಾತು ಕೇಳ್ಲಿಲ್ವಾ ನೀನು?" ಅವಳ ದನಿಯಲ್ಲಿ ಕೋಪ ಇರಲಿಲ್ಲ. ನನಗೆ ಜವಾಬು ಬರಲಿಲ್ಲ. ನನ್ನ ಮಟ್ಟಿಗೆ ಕೈಪಂಪಿನ ಹಾಡಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಇಲ್ಲ.

ಎರಡನೇದು ನಲ್ಲಿಯ ಹಾಡು. ಇದು ಹೊಗೇನಕಲ್ಲಿನ ಕಾವೇರಿ ನೀರನ್ನ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ತರುವ ಯೋಜನೆಯ ಕಾಲದ್ದು. ಫ್ಲೋರೈಡಿನ ಕಾಟ ತಪ್ಪಿಸೋದೇ ಆ ಯೋಜನೆಯ ಗುರಿ. ಖರ್ಚು ಸುಮಾರು 1,928 ಕೋಟಿ ರೂಪಾಯಿ, ಅದರಲ್ಲಿ ದೊಡ್ಡ ಪಾಲು ಜಪಾನಿನ ಹಣ. 2008ರಲ್ಲಿ ಅಡಿಗಲ್ಲು, 2013ರಲ್ಲಿ ನೀರು. ನಡುವೆ 2008ರಲ್ಲೇ ಎರಡು ರಾಜ್ಯಗಳಿಗೂ ಜಗಳ ಎದ್ದು ಕೆಲವು ಕಾಲ ಕೆಲಸ ತಡೆದರು. ಆಗ ನಮ್ಮ ಪಾಡು ಹೇಳಬಾರದು. ಹೊಗೆಯ ಕಲ್ಲು ಅಂತ ಹೆಸರಿಟ್ಟದ್ದು ನಮ್ಮ ಭಾಷೆ. ನೀರು ಬೇಡ ಅಂತ ಕೂಗಿದವರದ್ದೂ ನಮ್ಮ ಭಾಷೆ. ಹಲ್ಲು ಕಪ್ಪಾದ ಮಕ್ಕಳಲ್ಲೂ ನಮ್ಮ ಭಾಷೆಯವು ಇದ್ದವು.

ಈ ಹಾಡಿನ ಒಳ್ಳೇದು ಮೊದಲು ಹೇಳ್ತೀನಿ. ಹಲ್ಲಿನ ಕಲೆ ನೀರಿನಿಂದ ಬಂದದ್ದು, ಹಲ್ಲುಜ್ಜದ ಕೊಳಕೂ ಅಲ್ಲ, ವಂಶದ ದೋಷವೂ ಅಲ್ಲ ಅಂತ ಮೈಕಿನಲ್ಲಿ ಸಾರಿತು. ಹೆಣ್ಣು ನೋಡೋಕೆ ಬಂದವರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದ ಹುಡುಗಿಯರನ್ನ ನಾನು ಕಂಡಿದ್ದೀನಿ. ಅವರಿಗೆ ಆ ಒಂದು ಸಾಲು ದೊಡ್ಡ ಆಸರೆ. ಅಷ್ಟಕ್ಕೆ ಆ ಹಾಡು ಬರೆದವರಿಗೆ ಕೈ ಮುಗೀತೀನಿ.

ಇನ್ನು ತಪ್ಪುಗಳು. ಹೊಸ ನೀರು ಕುಡಿದರೆ ಹಲ್ಲು ಮಲ್ಲಿಗೆ ಮೊಗ್ಗಾಗುತ್ತೆ ಅಂದಿತು. ಆಗಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ಒಳಗೆ ಕೂತ ಕಲೆ ಆಮೇಲೆ ಹೋಗೋದಿಲ್ಲ. ಹೊಸ ನೀರಿನಿಂದ ಕಾಪಾಡಬಹುದಾದ್ದು ಇನ್ನೂ ಮೂಡದ ಹಲ್ಲನ್ನ. ನಮ್ಮ ಹಿರಿ ಮೊಮ್ಮಗ ಆ ಹಾಡು ನಂಬಿ ಒಂದು ವರ್ಷ ಕಾದ. ಬೆಳ್ಳಗಾಗಲಿಲ್ಲ ಅಂತ ಇಟ್ಟಿಗೆ ಪುಡಿ ಹಾಕಿ ಉಜ್ಜಿ ವಸಡಿನಲ್ಲಿ ರಕ್ತ ಬರಿಸ್ಕೊಂಡ. ಪ್ರಾಸಕ್ಕೆ ಮಲ್ಲಿಗೆ ತಂದವರು ಮಗುವನ್ನ ನೆನೆಸಲಿಲ್ಲ.

ಎರಡನೇ ತಪ್ಪು, ಕುಡಿಯೋ ನೀರು ಅಂತ ಮಾತ್ರ ಹೇಳಿತು. ನಮ್ಮ ಹೆಂಗಸರು ನಲ್ಲಿ ನೀರನ್ನ ಕುಡಿಯೋದಕ್ಕೆ ಎತ್ತಿಟ್ಟು, ಮುದ್ದೆಗೆ, ಸಾರಿಗೆ ಬೋರಿನ ನೀರೇ ಹಾಕಿದರು. ಅಡುಗೆಯ ಮೂಲಕವೂ ಫ್ಲೋರೈಡು ಒಳಗೇ ಹೋಗುತ್ತೆ. ಕುದಿಸಿದರೆ ಹೋಗಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತೆ. ಇದನ್ನ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಮೂರನೇದು, ಸಮುದ್ರದಾಚೆಯ ದಾನಿಗೆ ಶರಣು ಅಂತ ಕೊನೆಯ ನುಡಿ. ಜಪಾನಿನವರು ಕೊಟ್ಟದ್ದು ಸಾಲ. 1958ರಲ್ಲಿ ಅವರು ಮೊಟ್ಟಮೊದಲು ಇಂಥ ಸಾಲ ಕೊಟ್ಟದ್ದೂ ನಮ್ಮ ದೇಶಕ್ಕೇ. ಕಡಿಮೆ ಬಡ್ಡಿ, ಉದ್ದನೆ ವಾಯಿದೆ, ಒಳ್ಳೇ ಸಾಲವೇ. ಆದರೂ ಸಾಲ ಸಾಲವೇ. ಸೊಸೈಟಿಯಲ್ಲಿ ಸಾಲ ತಗೊಂಡ ರೈತ ಬೀಜ ಮೊಳೆಯದಿದ್ದರೆ ಅಂಗಡಿಯವನನ್ನ ನಿಲ್ಲಿಸಿ ಕೇಳ್ತಾನೆ. ದಾನ ತಗೊಂಡವನು ತಲೆ ತಗ್ಗಿಸಿ ಸುಮ್ಮನಾಗ್ತಾನೆ. ಆ ಒಂದು ಪದದಿಂದ ಹಾಡು ನಮ್ಮನ್ನ ಸುಮ್ಮನಾಗಿಸಿತು. ಮೂರು ದಿನ ನಲ್ಲಿ ಬರದೆ ಟ್ಯಾಂಕಿಗೆ ಬೋರಿನ ನೀರು ಬಿಟ್ಟಾಗ ನಮ್ಮ ಬೀದಿಯವರು ಯಾರನ್ನೂ ಕೇಳಲಿಲ್ಲ. ಪುಕ್ಕಟೆ ಬಂದದ್ದು, ಬಂದಷ್ಟು ಬರಲಿ ಅಂದರು.

ಹಾಡು ಕಲಿಸೋಕೆ ಬಂದವರ ಹತ್ತಿರ ನಾನು ಕೇಳಿದ್ದುಂಟು: "ಸ್ವಾಮಿ, ನೀರು ಬರದಿದ್ರೆ ಯಾರನ್ನ ಕೇಳ್ಬೇಕು ಅಂತ ಒಂದು ನುಡಿ ಸೇರಿಸ್ಲಾ?" "ಬರೆದುಕೊಟ್ಟದ್ದನ್ನ ಹಾಡಿ ಸಾಕು" ಅಂದರು. ಮಗಳ ಮದುವೆ ಸಾಲ ಇತ್ತು, ಹಾಡಿದೆ.

ನಮ್ಮ ಹಿರಿಯರ ಪದಗಳಲ್ಲಿ ಒಬ್ಬ ಕೇಳ್ತಾನೆ, ಇನ್ನೊಬ್ಬ ಹೇಳ್ತಾನೆ. ಸವಾಲು ಇಲ್ಲದೆ ಜವಾಬಿಗೆ ಬೆಲೆ ಇಲ್ಲ. ಯೋಜನೆಯ ಹಾಡುಗಳಲ್ಲಿ ಬರೀ ಜವಾಬು. ಕೇಳುವವರ ಪಾಲಿಗೆ ಚಪ್ಪಾಳೆ ಮಾತ್ರ. ಕೈಪಂಪಿನ ಹಾಡು, ನಲ್ಲಿಯ ಹಾಡು ಎರಡಕ್ಕೂ ನಾನು ಕಾಣುವ ದೊಡ್ಡ ಕುಂದು ಇದೇ. ಸಹಾಯ ಎಲ್ಲಿಂದಲಾದರೂ ಬರಲಿ, ಕೇಳುವ ಬಾಯಿ ನಮ್ಮದೇ ಆಗಿರಬೇಕು.

ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಫ್ಲೋರೈಡು ನೋಡುವ ಸಣ್ಣ ಪೆಟ್ಟಿಗೆ ಸಿಗುತ್ತೆ. ಔಷಧ ಹಾಕಿದ ನೀರಿನ ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡು ಹೆಚ್ಚು. ಅದನ್ನ ತರಿಸಿ ನಲ್ಲಿ ನೀರನ್ನೂ ಬೋರಿನ ನೀರನ್ನೂ ಮಕ್ಕಳ ಕೈಯಲ್ಲೇ ನೋಡಿಸಿ, ಬಂದದ್ದನ್ನ ವಾಚನಾಲಯದ ಹಲಗೆ ಮೇಲೆ ಬರೆಸಿ. ಮುಂದೆ ಯಾವುದಾದರೂ ಹೊಸ ಯೋಜನೆಯ ಹಾಡು ಶಾಲೆಗೆ ಬಂದರೆ, ಮಕ್ಕಳಿಗೆ ಕಲಿಸೋ ಮುಂಚೆ ಒಂದು ಸಂಜೆ ನಮ್ಮ ಜಗಲಿಗೆ ತನ್ನಿ. ನಾನು ರಾಗ ನೋಡ್ತೀನಿ. ಕೇಳಬೇಕಾದ್ದನ್ನ ಕೇಳೋಕೆ ನಮ್ಮಕ್ಕ ಇದ್ದಾಳೆ.