ಗಡಿಯಾಚೆ ಜೋಡಿ ಇಲ್ಲದಿದ್ರೆ ದುಡ್ಡಿಲ್ಲ

ಯುರೋಪಿನ ಬಗ್ಗೆ ನಾವು ಮಾತಾಡುವಾಗ ಒಂದು ಮಾತು ಪದೇ ಪದೇ ಬರುತ್ತೆ: "ಅಲ್ಲಿ ಸಣ್ಣ ಉದ್ಯಮಗಳಿಗೆ ಎಷ್ಟೊಂದು ನೆರವು ಕೊಡ್ತಾರೆ ನೋಡಿ." ಕೊಡೋದು ನಿಜ. ಆದರೆ ಎಷ್ಟು ಕೊಡ್ತಾರೆ ಅನ್ನೋದನ್ನ ಒಂದು ಕ್ಷಣ ಬದಿಗಿಟ್ಟು, ಯಾವ ಷರತ್ತಿನ ಮೇಲೆ ಕೊಡ್ತಾರೆ ಅಂತ ನೋಡಿ. ನನ್ನ ಪ್ರಕಾರ ಯುರೋಪಿನಿಂದ ನಾವು ಕಲಿಯಬಹುದಾದ ಪಾಠ ಆ ಷರತ್ತಿನಲ್ಲಿದೆ. ಅವರು ಎಡವಿದ್ದೂ ಅಲ್ಲೇ.

ನಾನು ಹೇಳ್ತಿರೋದು ಇಂಟರ್‌ರೆಗ್ ಎಂಬ ಕಾರ್ಯಕ್ರಮದ ಬಗ್ಗೆ. ಐರೋಪ್ಯ ಒಕ್ಕೂಟ ಇದನ್ನು 1990ರಲ್ಲಿ ಶುರು ಮಾಡಿತು. 2021ರಿಂದ 2027ರ ಅವಧಿಗೆ ಇದರ ಗಾತ್ರ ಸುಮಾರು 1,000 ಕೋಟಿ ಯೂರೋ. ಕೇಳೋಕೆ ದೊಡ್ಡ ಮೊತ್ತ. ಆದರೆ ಪ್ರಾದೇಶಿಕ ಅಸಮತೋಲನ ಸರಿಪಡಿಸೋಕೆ ಅಂತ ಒಕ್ಕೂಟ ಅದೇ ಏಳು ವರ್ಷಕ್ಕೆ ಎತ್ತಿಟ್ಟಿರೋದು 39,000 ಕೋಟಿ ಯೂರೋಗೂ ಹೆಚ್ಚು. ಅದರ ಮುಂದೆ ಇಂಟರ್‌ರೆಗ್‌ನ ಪಾಲು ಶೇ. 3ಕ್ಕಿಂತ ಕಡಿಮೆ. ಇಷ್ಟು ಚಿಕ್ಕ ಪಾಲಿನ ಬಗ್ಗೆ ಯಾಕೆ ಬರೀಬೇಕು ಅಂದ್ರೆ, ಇದಕ್ಕೆ ಗಮನಿಸಬೇಕಾದ ಒಂದು ನಿಯಮವಿದೆ. ಒಂದೇ ದೇಶದವರು ಸೇರಿ ಅರ್ಜಿ ಹಾಕಿದರೆ ನಡೆಯಲ್ಲ. ಗಡಿಯಾಚೆಗಿನ ಜೋಡಿ ಬೇಕೇ ಬೇಕು.

ಈ ಯೋಚನೆಗೆ ಇಂಟರ್‌ರೆಗ್‌ಗಿಂತ ಹೆಚ್ಚು ವಯಸ್ಸಾಗಿದೆ. ಜರ್ಮನಿಯ ಗ್ರೊನಾವ್ ಮತ್ತು ನೆದರ್ಲೆಂಡ್ಸ್‌ನ ಎನ್‌ಸ್ಖೆಡೆ ಅಕ್ಕಪಕ್ಕದ ಊರುಗಳು, ಎರಡೂ ಬಟ್ಟೆ ಗಿರಣಿಗಳಿಂದ ಬದುಕಿದವು. ಮಹಾಯುದ್ಧ ಮುಗಿದು ಹದಿಮೂರೇ ವರ್ಷಕ್ಕೆ, 1958ರಲ್ಲಿ, ಈ ಭಾಗದವರು 'ಯೂರೆಜಿಯೋ' ಅಂತ ಒಂದು ಗಡಿ ಒಕ್ಕೂಟ ಕಟ್ಟಿಕೊಂಡರು. ತಮ್ಮ ಊರನ್ನು ಆಕ್ರಮಿಸಿಕೊಂಡಿದ್ದವರ ಜತೆ ಡಚ್ಚರು ಕೂತು ಮಾತಾಡಿದರು. ಅವರನ್ನು ಹಾಗೆ ಕೂರಿಸಿದ್ದು ಬರೀ ಪ್ರೀತಿಯಲ್ಲ. ರಾಜಧಾನಿ ಎರಡೂ ಕಡೆಯವರಿಗೂ ದೂರ, ಕಷ್ಟ ಎರಡೂ ಕಡೆ ಒಂದೇ.

ಇಲ್ಲಿಗೆ ಹೊಗಳಿಕೆ ಸಾಕು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ತಿರ ಹೋಗೋಣ.

ಒಕ್ಕೂಟದ ಲೆಕ್ಕಪರಿಶೋಧಕರು 2021ರಲ್ಲಿ ಇಂಟರ್‌ರೆಗ್ ಬಗ್ಗೆ ಒಂದು ವಿಶೇಷ ವರದಿ ಕೊಟ್ಟರು. ಗಡಿ ಪ್ರದೇಶಗಳ ಸಾಮರ್ಥ್ಯ ಇನ್ನೂ ಪೂರ್ತಿ ಹೊರಬಂದಿಲ್ಲ ಅನ್ನೋದು ಅವರ ತೀರ್ಪು. ಅದಕ್ಕಿಂತ ಕಹಿಯಾದ ಮಾತೂ ಅದರಲ್ಲಿದೆ: ಕೆಲವು ಯೋಜನೆಗಳಲ್ಲಿ ಪಾಲುದಾರರು ನಿಜವಾಗಿ ಕೂಡಿ ಕೆಲಸ ಮಾಡಿಯೇ ಇಲ್ಲ. ಅರ್ಜಿಗೆ ಜೋಡಿಯಾಗಿ ಸಹಿ ಹಾಕಿ, ಹಣ ಬಂದಮೇಲೆ ಅವರವರ ಊರಿನಲ್ಲಿ ಅವರವರ ಕೆಲಸ ಮಾಡಿಕೊಂಡರು. ಮದುವೆ ಮನೆಗೆ ಬಂದು, ಮುಯ್ಯಿ ಬರೆಸಿ, ಊಟಕ್ಕೂ ಕೂರದೆ ಹೊರಟುಹೋದ ನೆಂಟರ ಹಾಗೆ.

ದತ್ತಾಂಶದ ಕೆಲಸ ಮಾಡೋನಾಗಿ ನನ್ನ ತಕರಾರು ಇನ್ನೂ ಒಂದಿದೆ. ಇಂಥ ಯೋಜನೆಗಳ ವರದಿ ತೆಗೆದರೆ ಮೊದಲು ಕಾಣೋ ಅಂಕಿ "ನೆರವು ಪಡೆದ ಉದ್ಯಮಗಳ ಸಂಖ್ಯೆ". ಎಣಿಸೋಕೆ ಸುಲಭ, ಹೇಳಿಕೊಳ್ಳೋಕೆ ಚೆಂದ. ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ. ನೆರವು ಸಿಗದೇ ಹೋಗಿದ್ದರೆ ಆ ಕಂಪನಿ ಏನಾಗ್ತಿತ್ತು? ಯೋಜನೆ ಮುಗಿದು ಮೂರು ವರ್ಷದ ಮೇಲೂ ಗಡಿಯಾಚೆಯ ಜೋಡಿ ಜತೆ ವ್ಯವಹಾರ ಇಟ್ಟುಕೊಂಡಿದೆಯಾ? ಅರ್ಜಿ ಹಾಕಿ ಹಣ ಸಿಗದ ಕಂಪನಿಗಳ ಜತೆ ಹೋಲಿಸದೆ ಮೊದಲನೇದಕ್ಕೆ ಉತ್ತರ ಸಿಗಲ್ಲ. ಮೂರು ವರ್ಷ ಬಿಟ್ಟು ಮತ್ತೆ ಹೋಗಿ ಕೇಳದೆ ಎರಡನೇದಕ್ಕೂ ಸಿಗಲ್ಲ. ಆಸ್ಪತ್ರೆಗೆ ಎಷ್ಟು ಜನ ಬಂದರು ಅಂತ ಬರೆದಿಟ್ಟು, ಎಷ್ಟು ಜನ ಗುಣವಾದರು ಅಂತ ಬರೆಯದೇ ಬಿಟ್ಟ ಹಾಗೆ ಇದು.

ಹಾಗಾದ್ರೆ ಷರತ್ತೇ ದಂಡವಾ? ಬ್ರಿಟನ್ನಿನಲ್ಲಿ ಕೂತು ನೋಡಿದರೆ ಹಾಗೆ ಅನ್ನಿಸಲ್ಲ. ಷರತ್ತು ತೆಗೆದುಹಾಕಿದರೆ ಏನಾಗುತ್ತೆ ಅನ್ನೋದು ಇಲ್ಲಿ ಕಣ್ಣೆದುರೇ ಇದೆ. ಬ್ರೆಕ್ಸಿಟ್‌ಗೆ ಮುಂಚೆ 'ಟು ಸೀಸ್' ಅನ್ನೋ ಇಂಟರ್‌ರೆಗ್ ಕಾರ್ಯಕ್ರಮ ಇಂಗ್ಲೆಂಡಿನ ಕರಾವಳಿಯನ್ನು ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಕರಾವಳಿ ಜತೆ ಸೇರಿಸಿತ್ತು. ಒಕ್ಕೂಟದ ಪ್ರಾದೇಶಿಕ ನಿಧಿಗಳ ಜಾಗಕ್ಕೆ 2022ರಲ್ಲಿ ಶೇರ್ಡ್ ಪ್ರಾಸ್ಪೆರಿಟಿ ಫಂಡ್ ಬಂತು: ಮೂರು ವರ್ಷಕ್ಕೆ 260 ಕೋಟಿ ಪೌಂಡ್. ಅದು ಮುಗಿದ ಮೇಲೆ ಒಂದೇ ಒಂದು ವರ್ಷದ ವಿಸ್ತರಣೆ. ಹಣ ಸ್ಥಳೀಯ ಆಡಳಿತಗಳಿಗೆ ಹಂಚಿಹೋಯ್ತು. ಪಕ್ಕದವರ ಜತೆ ಕೂರಬೇಕು ಅನ್ನೋ ಒತ್ತಾಯ ಇರಲಿಲ್ಲ, ಏಳು ವರ್ಷದ ಭರವಸೆಯೂ ಇರಲಿಲ್ಲ.

ಕಾಲಾವಧಿಯ ವಿಷಯ ಯಾಕೆ ಎತ್ತಿದೆ ಅಂದ್ರೆ, ನಾನಿರೋ ಸ್ಟ್ಯಾನ್ಮೋರ್‌ನಲ್ಲೇ ಅದಕ್ಕೊಂದು ಸಾಕ್ಷಿ ಇದೆ. ಜುಬಿಲಿ ಲೈನಿನ ಕೊನೆಯ ನಿಲ್ದಾಣದ ಈ ಊರನ್ನು ವೈದ್ಯಲೋಕ ಗುರುತಿಸೋದು ರಾಯಲ್ ನ್ಯಾಷನಲ್ ಆರ್ಥೋಪೆಡಿಕ್ ಆಸ್ಪತ್ರೆಯಿಂದ. ಆ ಆವರಣದಲ್ಲಿ ಶಸ್ತ್ರವೈದ್ಯರೂ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಎಂಜಿನಿಯರುಗಳೂ ದಶಕಗಟ್ಟಲೆ ಒಟ್ಟಿಗೆ ಕೆಲಸ ಮಾಡಿದರು. ಆ ಒಡನಾಟದಿಂದ ಸ್ಟ್ಯಾನ್ಮೋರ್ ಇಂಪ್ಲಾಂಟ್ಸ್ ಅನ್ನೋ ಕಂಪನಿ ಹುಟ್ಟಿತು. ಮೂಳೆ ಕ್ಯಾನ್ಸರ್ ಆದ ಮಕ್ಕಳಿಗೆ ಅದು ಮಾಡಿದ ಕೃತಕ ಮೂಳೆಯನ್ನು, ಮಗು ಬೆಳೆದ ಹಾಗೆ, ಮತ್ತೆ ಕೊಯ್ಯದೆ ಹೊರಗಿನಿಂದಲೇ ಆಯಸ್ಕಾಂತದ ಬಲದಿಂದ ಉದ್ದ ಮಾಡಬಹುದು. 2016ರಲ್ಲಿ ಅಮೆರಿಕದ ಸ್ಟ್ರೈಕರ್ ಆ ಕಂಪನಿಯನ್ನು ಕೊಂಡಿತು. ಇಂಥ ಕೆಲಸ ಮೂರು ವರ್ಷದ ಯೋಜನೆಯಲ್ಲಿ ಹುಟ್ಟಲ್ಲ. ಜನ ಒಬ್ಬರನ್ನೊಬ್ಬರು ಅರಿತು ನಂಬೋಕೇ ಅಷ್ಟು ಸಮಯ ಬೇಕು.

ಬ್ರಿಟನ್ ಉಳಿಸಿಕೊಂಡ ಇಂಟರ್‌ರೆಗ್ ಕಾರ್ಯಕ್ರಮ ಒಂದೇ, ಅದು ಐರ್ಲೆಂಡ್ ಗಡಿಯದು. ಪೀಸ್‌ಪ್ಲಸ್ ಅಂತ ಅದರ ಹೆಸರು, 100 ಕೋಟಿ ಯೂರೋಗೂ ದೊಡ್ಡದು. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಇಂಟರ್‌ಟ್ರೇಡ್‌ಐರ್ಲೆಂಡ್ ಅನ್ನೋ ಪುಟ್ಟ ಸಂಸ್ಥೆ. ಮೂರು ದಶಕದ ಬಾಂಬು, ಗುಂಡುಗಳ ನಂತರ 1998ರಲ್ಲಿ ಗುಡ್ ಫ್ರೈಡೇ ಒಪ್ಪಂದ ಆಯ್ತಲ್ಲ, ಅದರಡಿ 1999ರಲ್ಲಿ ಇದು ಹುಟ್ಟಿತು. ಇದರ ಕೆಲಸ ಗಡಿಯ ಎರಡೂ ಬದಿಯ ಸಣ್ಣ ಉದ್ಯಮಗಳನ್ನು ಕೂಡಿಸೋದು. 'ಫ್ಯೂಷನ್' ಅನ್ನೋ ಇದರ ಯೋಜನೆ ಮೂರು ಜನರನ್ನು ಸೇರಿಸ್ತಿತ್ತು: ಗಡಿಯ ಈಚೆ ಒಂದು ಕಂಪನಿ, ಆಚೆ ಅದಕ್ಕೆ ಬೇಕಾದ ವಿದ್ಯೆ ಇರೋ ಒಂದು ಕಾಲೇಜು, ನಡುವೆ ಕೆಲಸಕ್ಕೆ ಸೇರೋ ಒಬ್ಬ ಪದವೀಧರ. ಇಲ್ಲಿ ಸಹಿ ಹಾಕಿ ಹೋಗಿಬಿಡೋಕೆ ಆಗಲ್ಲ. ಯಾಕಂದ್ರೆ ಆ ಹುಡುಗ ಬೆಳಗ್ಗೆ ಎದ್ದು ಕೆಲಸಕ್ಕೆ ಬರಬೇಕು, ಕಾಲೇಜಿನವರು ಅವನಿಗೆ ಉತ್ತರ ಕೊಡಬೇಕು.

ಇನ್ನೊಂದು ಗಮನಿಸಿ. ಉತ್ತರ ಐರ್ಲೆಂಡ್ ಯಾರಿಗೆ ಸೇರಬೇಕು ಅನ್ನೋ ಪ್ರಶ್ನೆಗೆ ಆ ಒಪ್ಪಂದ ಕೊನೆಯ ಉತ್ತರ ಕೊಡಲಿಲ್ಲ. ಮುಂದೆ ಜನರೇ ತೀರ್ಮಾನಿಸಲಿ ಅಂತ ಬಿಟ್ಟಿತು. ಪ್ರಶ್ನೆ ಬಾಕಿ ಇದ್ದಾಗಲೇ ವ್ಯಾಪಾರದ ಸಂಸ್ಥೆ ಕಟ್ಟಿದರು.

ಈಗ ನಮ್ಮ ಗಡಿಗೆ ಬನ್ನಿ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿಗಳಿವೆ. ಹೆದ್ದಾರಿ ಹಿಡಿದು ಎರಡು ಗಂಟೆ ಹೋದರೆ ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ್‌ನಲ್ಲೂ ಫೌಂಡ್ರಿಗಳು. ಎರಡೂ ಕಡೆ ವಾಹನದ ಬಿಡಿಭಾಗಗಳನ್ನು ಎರಕ ಹೊಯ್ತಾರೆ. ಬಳಸಿದ ಮರಳನ್ನು ಏನು ಮಾಡೋದು ಅನ್ನೋ ತಲೆನೋವು ಎರಡೂ ಕಡೆ ಇದೆ. ವಿದ್ಯುತ್ ವಾಹನಕ್ಕೆ ಎಂಜಿನ್ ಬ್ಲಾಕ್ ಬೇಡ, ಹಾಗಾಗಿ ನಾಳೆಯ ಭಯವೂ ಒಂದೇ. ಎರಡೂ ಊರಿಗೆ ಒಂದೊಂದು ಫೌಂಡ್ರಿ ಕ್ಲಸ್ಟರ್ ಇದೆ, ಅವರವರ ರಾಜ್ಯದೊಳಗೆ. 'ಬಿಯಾಂಡ್ ಬೆಂಗಳೂರು' ನಕ್ಷೆಯಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಒಂದು ಗುಂಪು. ಒಳ್ಳೇದೇ, ಆದರೆ ನಕ್ಷೆ ನಿಪ್ಪಾಣಿ ದಾಟಿದ ಕೂಡಲೇ ನಿಂತುಬಿಡುತ್ತೆ. ರಾಜ್ಯಗಳು ಕೂತು ಮಾತಾಡಲಿ ಅಂತ ಇರೋ ವಲಯ ಮಂಡಳಿಗಳಲ್ಲೂ ಕರ್ನಾಟಕ ದಕ್ಷಿಣದ್ದು, ಮಹಾರಾಷ್ಟ್ರ ಪಶ್ಚಿಮದ್ದು.

"ಒಂದೇ ದೇಶ ತಾನೇ, 2017ರಲ್ಲಿ ಜಿಎಸ್‌ಟಿ ಬಂದಮೇಲೆ ತೆರಿಗೆ ಗಡಿಯೂ ಹೋಯ್ತು, ಇಂಟರ್‌ರೆಗ್ ನಮಗ್ಯಾಕೆ?" ಅಂತ ನೀವು ಕೇಳಬಹುದು. ಯುರೋಪಿನಲ್ಲೂ 1993ಕ್ಕೆ ಏಕ ಮಾರುಕಟ್ಟೆ ಬಂತು, ಇಂಟರ್‌ರೆಗ್ ನಿಲ್ಲಲಿಲ್ಲ. ಲಾರಿ ಸಲೀಸಾಗಿ ದಾಟೋದು ಬೇರೆ, ಒಬ್ಬರ ಪ್ರಯೋಗಾಲಯವನ್ನು ಇನ್ನೊಬ್ಬರು ಬಳಸೋದು ಬೇರೆ. ಮೇಲಾಗಿ, ರಾಜ್ಯಗಳು ದೊಡ್ಡ ಕಂಪನಿಗಳಿಗೆ ಸಬ್ಸಿಡಿ ಕೊಡೋಕೆ ಪೈಪೋಟಿ ಮಾಡಿದರೆ ಯುರೋಪಿನಲ್ಲಿ ತಡೆಯೋ ನಿಯಮ ಇದೆ. ನಮ್ಮಲ್ಲಿ ಅಂಥ ಲಗಾಮು ಇಲ್ಲ. ಹಾಗಾಗಿ ಪಕ್ಕದ ರಾಜ್ಯ ಅಂದ್ರೆ ನಮ್ಮ ಕಡತಗಳಲ್ಲಿ ಯಾವಾಗಲೂ ಎದುರಾಳಿ.

"ಮೊದಲು ಗಡಿ ವಿವಾದ ಮುಗೀಲಿ" ಅನ್ನೋದು ಇನ್ನೊಂದು ಉತ್ತರ. ಮಹಾಜನ ವರದಿ ಬಂದದ್ದು 1967ರಲ್ಲಿ, ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. 2022ರ ಡಿಸೆಂಬರಿನಲ್ಲಿ ಕಲ್ಲು ತೂರಾಟ ಆಗಿ ಬಸ್ ನಿಂತವು, 2025ರ ಫೆಬ್ರವರಿಯಲ್ಲಿ ಕಂಡಕ್ಟರ್ ಮೇಲೆ ಹಲ್ಲೆ ಆಗಿ ಮತ್ತೆ ನಿಂತವು. ಬೆಳಗಾವಿ ಕರ್ನಾಟಕದ್ದೇ ಅನ್ನೋದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ವಿವಾದ ಮುಗಿಯೋವರೆಗೆ ಕಾಯ್ತೀವಿ ಅಂದ್ರೆ, ಬಾಂಬು ಸಿಡಿದ ಗಡಿಯವರು ಮಾಡಿದ್ದನ್ನ ಬಸ್ ನಿಲ್ಲಿಸೋ ಗಡಿಯವರು ಮಾಡಲಾರೆವು ಅಂದ ಹಾಗಾಯ್ತು.

ಮಾಡಲಾರೆವು ಅನ್ನೋದೂ ಸುಳ್ಳು, ಒಮ್ಮೆ ಮಾಡಿದ್ದೀವಿ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚ್ಯಂಕ ಎರಡೂ ರಾಜ್ಯಗಳಿಗೆ ಸೇರಿದ್ದು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಹೆಸರು ಅದರಲ್ಲಿ ಉಳಿದದ್ದು ನಮ್ಮ ಲಿಡ್ಕರ್, ಅವರ ಲಿಡ್ಕಾಂ ಎರಡೂ ನಿಗಮಗಳು ಜತೆಗಿದ್ದುದರಿಂದ. 2025ರ ಜೂನ್‌ನಲ್ಲಿ ಪ್ರಾಡಾ ಮಿಲಾನಿನ ವೇದಿಕೆಯಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ ಗದ್ದಲವಾಯ್ತಲ್ಲ, ಡಿಸೆಂಬರಿಗೆ ಅದು ಒಪ್ಪಂದ ಮಾಡಿಕೊಂಡದ್ದು ಎರಡೂ ನಿಗಮಗಳ ಜತೆ. ಒಬ್ಬರೇ ಇದ್ದಿದ್ದರೆ ಇನ್ನೊಬ್ಬರ ಮನೆಯ ಚಮ್ಮಾರರು ಹೊರಗುಳೀತಿದ್ದರು.

ಹಾಗಾಗಿ ನಾನು ಕೇಳೋದು ದೊಡ್ಡ ನಿಧಿಯನ್ನಲ್ಲ. ಕೇಂದ್ರದ ಕ್ಲಸ್ಟರ್ ಹಣದಲ್ಲಿ ಒಂದು ಸಣ್ಣ ಪಾಲನ್ನು ಗಡಿ ಜಿಲ್ಲೆಗಳಿಗೆ ಎತ್ತಿಡಲಿ. ಆಚೆ ರಾಜ್ಯದ ಒಂದು ಉದ್ಯಮ ಅಥವಾ ಕಾಲೇಜು ಜೋಡಿಯಾಗದಿದ್ರೆ ಒಂದು ರೂಪಾಯಿಯೂ ಬೇಡ. ಬರೀ ಸಹಿ ಸಾಲದು, ಈಚೆಯ ಪದವೀಧರ ಆಚೆಯ ಫೌಂಡ್ರಿಯಲ್ಲಿ ಕೆಲಸಕ್ಕೆ ನಿಲ್ಲಬೇಕು. ಹಣ ಸಿಕ್ಕವರನ್ನೂ ಸಿಗದವರನ್ನೂ ಮೂರು ವರ್ಷ ಬಿಟ್ಟು ಮತ್ತೆ ಕೇಳಿ, ಉತ್ತರವನ್ನು ಕನ್ನಡ, ಮರಾಠಿ ಎರಡರಲ್ಲೂ ಪ್ರಕಟಿಸಲಿ. ಆಗ ಯೋಜನೆ ಸೋತರೂ ಯಾಕೆ ಸೋತಿತು ಅಂತ ಉದ್ಯಮಬಾಗ್‌ನವರಿಗೂ ಶಿರೋಲಿಯವರಿಗೂ ಗೊತ್ತಾಗುತ್ತೆ. ಯುರೋಪು ಮೂವತ್ತು ವರ್ಷ ದುಡ್ಡು ಸುರಿದೂ ಸರಿಯಾಗಿ ತಿಳಿದುಕೊಳ್ಳದೆ ಬಿಟ್ಟದ್ದು ಅದನ್ನೇ.